ಗಾಜಿನ ಪೆಟ್ಟಿಗೆಯಲ್ಲಿ ಓಡಿಹೋಗಲು ಜಾಗವಿಲ್ಲ: ಉಪ್ಪುನೀರಿನ ಟ್ಯಾಂಕಿಗೆ ಯಾವ ಮೀನು, ಯಾರ ಜೊತೆ?

2017ರ ಮೇ 23ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಜಾನುವಾರು ಮಾರುಕಟ್ಟೆ ನಿಯಮಗಳು ನಿಮಗೆ ನೆನಪಿರಬಹುದು. ಸಂತೆಯಲ್ಲಿ ದನ ಮಾರೋದರ ಮೇಲೆ ಬಿದ್ದ ಆ ನಿರ್ಬಂಧದ ವಿರುದ್ಧ ದೇಶದ ಹಲವು ಕಡೆ ಪ್ರತಿಭಟನೆ ಆಯ್ತು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಅದೇ ದಿನ, ಅದೇ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಕ್ವೇರಿಯಂ ಅಂಗಡಿಗಳಿಗೂ ಒಂದು ನಿಯಮಾವಳಿ ಬಂದಿತ್ತು ಅನ್ನೋದು ಹೆಚ್ಚಿನವರ ಗಮನಕ್ಕೇ ಬರಲಿಲ್ಲ. 158 ಜಾತಿಯ ಜಲಚರಗಳನ್ನು ಅಂಗಡಿಯಲ್ಲಿ ಇಡುವಂತಿಲ್ಲ, ಮಾರುವಂತಿಲ್ಲ ಅಂತ ಅದು ಹೇಳಿತು. ಪಟ್ಟಿಯಲ್ಲಿ 'ನೀಮೋ' ಅಂತ ಮಕ್ಕಳು ಕರೆಯುವ ಕ್ಲೌನ್‌ಫಿಶ್ ಇತ್ತು, ಚಿಟ್ಟೆಮೀನು ಇತ್ತು, ಏಂಜೆಲ್ ಮೀನುಗಳಿದ್ದವು. ಮೀನು ಸಾಕುವವರು, ಮಾರುವವರು ವಿರೋಧಿಸಿದರು. ಆಮೇಲೆ ಸರ್ಕಾರ ಆ ನಿಯಮಗಳನ್ನು ವಾಪಸ್ ತಗೊಂಡಿತು.

ನಿಯಮ ಹೋಯ್ತು, ಪ್ರಶ್ನೆ ಉಳೀತು. ಸಮುದ್ರದ ಮೀನನ್ನು ಮನೆಯ ಹಾಲಿನಲ್ಲಿ ಇಟ್ಟುಕೊಳ್ಳೋದು ಹಿಂಸೆಯಾ? ಅದರಲ್ಲೂ ಸಮುದ್ರದಿಂದ ಘಟ್ಟ ಹತ್ತಿ ಬಂದು ಕೂತಿರುವ ಶಿವಮೊಗ್ಗ, ಭದ್ರಾವತಿಯಂಥ ಊರಲ್ಲಿ? ಇದಕ್ಕೆ ಹೌದು, ಇಲ್ಲ ಅನ್ನುವ ಒಂದೇ ಉತ್ತರ ಇಲ್ಲ. ಯಾವ ಮೀನು, ಎಷ್ಟು, ಯಾರ ಜೊತೆ, ಎಲ್ಲಿಂದ ತಂದದ್ದು ಅನ್ನೋದರ ಮೇಲೆ ಉತ್ತರ ನಿಂತಿದೆ. ಟ್ಯಾಂಕ್ ಇಡಬೇಕು ಅಂದುಕೊಂಡಿರುವವರು ಅಂಗಡಿಗೆ ಹೋಗುವ ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ.

ಮೀನು ಯಾಕೆ ಜಗಳ ಆಡುತ್ತೆ?

ಅಂಗಡಿಯಲ್ಲಿ ಮೀನುಗಳನ್ನು 'ಶಾಂತ', 'ಜೋರು' ಅಂತ ಎರಡು ಗುಂಪು ಮಾಡಿ ಹೇಳ್ತಾರೆ. ಇದು ಅರ್ಧ ನಿಜ. ಹವಳದ ದಿಬ್ಬದ ಮೇಲೆ ಬದುಕುವ ಮೀನುಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಆದ ಜಾಗ ಇರುತ್ತೆ. ಒಂದು ಬಿಲ, ಒಂದು ಕಲ್ಲಿನ ಸಂದು, ಪಾಚಿ ಬೆಳೆಯುವ ಒಂದು ಬಂಡೆ. ಅಲ್ಲಿಗೆ ಬೇರೆಯವರು ಬಂದರೆ ಓಡಿಸ್ತವೆ. ಓಡಿಸಿಕೊಂಡ ಮೀನು ಹತ್ತಿಪ್ಪತ್ತು ಅಡಿ ಆಚೆ ಹೋಗುತ್ತೆ, ಜಗಳ ಅಲ್ಲಿಗೆ ಮುಗೀತು. ಯಾರೂ ಸಾಯಲ್ಲ.

ನಾಲ್ಕು ಅಡಿ ಉದ್ದದ ಗಾಜಿನ ಪೆಟ್ಟಿಗೆಯಲ್ಲಿ ಆ 'ಆಚೆ' ಅನ್ನೋದೇ ಇಲ್ಲ. ಸೋತ ಮೀನು ಗೆದ್ದವನ ಕಣ್ಣೆದುರೇ ಇರಬೇಕು. ಹೀಗಾಗಿ ಎರಡು ನಿಮಿಷದ ಜಗಳ ಎರಡು ವಾರ ನಡೆಯುತ್ತೆ. ರೆಕ್ಕೆ ಹರಿಯುತ್ತೆ, ಊಟಕ್ಕೆ ಹೊರಗೆ ಬರೋಕೆ ಹೆದರಿಕೆ ಆಗುತ್ತೆ, ರೋಗ ಹತ್ತುತ್ತೆ, ಕೊನೆಗೆ ಸಾಯುತ್ತೆ. ಹೊಂದಾಣಿಕೆ ಅಂದ್ರೆ ಎರಡು ಮೀನಿನ ಸ್ವಭಾವ ಕೂಡಿಬರೋದು ಮಾತ್ರ ಅಲ್ಲ. ಸೋತವನಿಗೆ ಅಡಗಿಕೊಳ್ಳೋಕೆ ಜಾಗ ಇದೆಯಾ ಅನ್ನೋದು ಅದಕ್ಕಿಂತ ದೊಡ್ಡ ಪ್ರಶ್ನೆ. ಟ್ಯಾಂಕಿನಲ್ಲಿ ಕಲ್ಲು ಜೋಡಿಸುವಾಗ ಒಂದೇ ಗುಡ್ಡ ಮಾಡದೆ ಎರಡು ಮೂರು ಬೇರೆ ಬೇರೆ ಗುಡ್ಡೆ ಮಾಡಿ, ಒಂದರಿಂದ ಇನ್ನೊಂದು ಕಾಣದ ಹಾಗೆ ಇಡಿ ಅಂತ ಅನುಭವಿಗಳು ಹೇಳೋದು ಇದೇ ಕಾರಣಕ್ಕೆ.

ಮೊದಲು ಊರಿಗೆ ಹೊಂದಬೇಕು

ಮೀನು ಮೀನಿಗೆ ಹೊಂದುವ ಮೊದಲು ನಮ್ಮ ಊರಿನ ನೀರು, ಬಿಸಿಲು, ಕರೆಂಟಿಗೆ ಹೊಂದಬೇಕು.

ಹವಳದ ದಿಬ್ಬದ ಮೀನಿಗೆ ಬೇಕಾದ ನೀರು ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನದ್ದು, 24ರಿಂದ 27 ಡಿಗ್ರಿ ಸೆಲ್ಸಿಯಸ್‌ನದ್ದು. ಅಡುಗೆ ಉಪ್ಪು ಹಾಕಿದರೆ ಆಗಲ್ಲ, ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಇರುವ ಅಕ್ವೇರಿಯಂ ಉಪ್ಪೇ ಬೇಕು. 200 ಲೀಟರ್ ಟ್ಯಾಂಕ್ ತುಂಬೋಕೆ ಸುಮಾರು 7 ಕೆ.ಜಿ. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ ಪ್ರತಿ ವಾರ ಇನ್ನೊಂದು 700 ಗ್ರಾಂ. ಟ್ಯಾಂಕಿನಿಂದ ಆವಿಯಾಗಿ ಹೋಗೋದು ಬರೀ ನೀರು, ಉಪ್ಪಲ್ಲ. ಹಾಗಾಗಿ ದಿನಾ ಕಮ್ಮಿಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು.

ಬಿ.ಎಚ್. ರಸ್ತೆಯ 'ಎಚ್' ಅಂದರೆ ಹೊನ್ನಾವರ ತಾನೇ, ಅಲ್ಲಿಂದಲೇ ಕ್ಯಾನಿನಲ್ಲಿ ಸಮುದ್ರದ ನೀರು ತಂದರಾಯ್ತಲ್ಲ ಅನ್ನಿಸಬಹುದು. ಆದರೆ ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುತ್ತೆ. ಮಳೆಗಾಲದಲ್ಲಿ ಅಲ್ಲಿನ ದಡದ ನೀರಿನ ಉಪ್ಪು ತುಂಬಾ ಇಳಿಯುತ್ತೆ, ಜೊತೆಗೆ ಕೆಸರು, ಕೊಳೆ ಬೇರೆ. ದಡದಲ್ಲಿ ತುಂಬಿಕೊಂಡ ನೀರನ್ನು ನಂಬುವ ಹಾಗಿಲ್ಲ. ಇನ್ನು ತುಂಗೆ, ಭದ್ರೆಯಿಂದ ಬರುವ ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತೆ, ಬೋರ್‌ವೆಲ್ ನೀರಲ್ಲಿ ಗಡಸು. ಎರಡನ್ನೂ ಆರ್‌ಒ ಮಾಡಿಯೇ ಉಪ್ಪು ಬೆರೆಸಬೇಕು. ಆರ್‌ಒ ಹೊರಗೆ ಬಿಡುವ ನೀರು ಒಳಗೆ ಸಿಗುವ ನೀರಿಗಿಂತ ಹೆಚ್ಚು. ಬೇಸಿಗೆಯಲ್ಲಿ ಪಕ್ಕದ ಬೀದಿಗೆ ಟ್ಯಾಂಕರ್ ಬರುತ್ತಿರುವಾಗ ಅದನ್ನು ಚರಂಡಿಗೆ ಬಿಡೋದು ಸರಿಯಲ್ಲ. ನೆಲ ಒರೆಸೋಕೆ, ಗಾಡಿ ತೊಳೆಯೋಕೆ ಹಿಡಿದಿಟ್ಟುಕೊಳ್ಳಿ.

ಮಲೆನಾಡು ಅಂದ್ರೆ ತಂಪು ಅನ್ನೋದು ಹಳೇ ಮಾತು. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲು 36 ಡಿಗ್ರಿ ದಾಟೋದು ಅಪರೂಪ ಅಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಮ್ಮಿ, ಮೀನಿಗೆ ಬೇಕಾಗುವ ಆಮ್ಲಜನಕ ಜಾಸ್ತಿ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಲ್ಲದು, ಅದಕ್ಕಿಂತ ಹೆಚ್ಚು ಬೇಕಾದರೆ ಚಿಲ್ಲರ್ ಬೇಕು. ಇನ್ನು ಜೂನ್-ಜುಲೈನಲ್ಲಿ ಗಾಳಿ ಮಳೆಗೆ ಲೈನ್ ಮೇಲೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟ್ ಹೋಗೋದು ಮೆಸ್ಕಾಂ ಗ್ರಾಹಕರಿಗೆ ಹೊಸದಲ್ಲ. ಪಂಪ್ ನಿಂತ ಟ್ಯಾಂಕಿನಲ್ಲಿ ಮೀನು ಹೆಚ್ಚಿದ್ದಷ್ಟೂ ಉಸಿರು ಬೇಗ ಕಟ್ಟುತ್ತೆ. ಬ್ಯಾಟರಿಯ ಏರ್ ಪಂಪ್ ಇಲ್ಲದೆ, ಇಲ್ಲವೇ ಇನ್ವರ್ಟರ್ ಇಲ್ಲದೆ ಉಪ್ಪುನೀರಿನ ಟ್ಯಾಂಕ್ ಶುರು ಮಾಡಲೇಬೇಡಿ. ಪುಸ್ತಕ ಹತ್ತು ಮೀನು ಇಡಬಹುದು ಅಂದರೆ ನಮ್ಮ ಕಡೆ ಆರಕ್ಕೆ ನಿಲ್ಲಿಸೋದು ಒಳ್ಳೇದು.

ಯಾರು ಯಾರ ಜೊತೆ?

ನಾಲ್ಕು ಪ್ರಶ್ನೆ ಕೇಳಿಕೊಂಡರೆ ಮುಕ್ಕಾಲು ಪಾಲು ಅನಾಹುತ ತಪ್ಪುತ್ತೆ.

ಮೊದಲನೇದು, ಇದರ ಬಾಯಿ ಎಷ್ಟು ದೊಡ್ಡದು? ಬಾಯಿಗೆ ಹಿಡಿಸುವ ಮೀನು ಅದಕ್ಕೆ ಊಟ, ಅದರಲ್ಲಿ ಸ್ವಭಾವದ ಮಾತೇ ಇಲ್ಲ. ಲಯನ್‌ಫಿಶ್, ನಮ್ಮ ಕರಾವಳಿಯವರು ಮುರು ಅನ್ನುವ ಗ್ರೂಪರ್ ಮರಿ ಅಂಗಡಿಯಲ್ಲಿ ಬೆರಳುದ್ದ ಇರಬಹುದು. ಬೆಳೆದಮೇಲೆ ಜೊತೆಯವರು ಒಬ್ಬೊಬ್ಬರಾಗಿ ಕಾಣೆಯಾಗ್ತಾರೆ.

ಎರಡನೇದು, ಬೆಳೆದರೆ ಎಷ್ಟು ಉದ್ದ? 'ಡೋರಿ' ಅಂತ ಮಾರುವ ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು, ಬೆಳೆದರೆ ಸುಮಾರು ಒಂದು ಅಡಿ. ಬಾಲದ ಬುಡದಲ್ಲಿ ಚೂರಿಯಂಥ ಮುಳ್ಳು ಬೇರೆ. ದಿನವಿಡೀ ಈಜುವ ಮೀನು ಅದು. ನಾಲ್ಕು ಅಡಿ ಟ್ಯಾಂಕಿನಲ್ಲಿ ಅದನ್ನಿಡೋದು ಅಂದ್ರೆ ಓಟಗಾರನನ್ನು ಬಚ್ಚಲುಮನೆಯಲ್ಲಿ ಕೂಡಿಹಾಕಿದ ಹಾಗೆ. ಮಗು ಕೇಳಿತು ಅಂತ ತರಬೇಡಿ.

ಮೂರನೇದು, ಯಾರ ಜಾಗಕ್ಕೆ ಕಣ್ಣು ಹಾಕುತ್ತೆ? ಒಂದೇ ಥರ ಕಾಣುವ, ಒಂದೇ ಥರದ ಬಿಲದಲ್ಲಿ ಇರುವ, ಒಂದೇ ಊಟ ತಿನ್ನುವ ಮೀನುಗಳ ನಡುವೆ ಜಗಳ ಹೆಚ್ಚು. ರಾಯಲ್ ಗ್ರಾಮಾ ಮತ್ತು ಡಾಟಿಬ್ಯಾಕ್ ಎರಡೂ ಬಿಲವಾಸಿಗಳು, ಒಟ್ಟಿಗೆ ಬೇಡ. ಕ್ಲೌನ್‌ಫಿಶ್‌ನಲ್ಲಿ ಎರಡು ಬೇರೆ ಜಾತಿ ಬೇಡ, ಒಂದೇ ಜಾತಿಯ ಒಂದು ಜೋಡಿ ಸಾಕು. ಎರಡು ಚಿಕ್ಕ ಮರಿ ತಂದರೆ ಬಲವಾದದ್ದು ಹೆಣ್ಣಾಗಿ, ಇನ್ನೊಂದು ಗಂಡಾಗಿ ಉಳಿಯುತ್ತೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತೆ. ಇವಕ್ಕೆ ಸೀ ಅನಿಮೋನ್ ಇರಲೇಬೇಕು ಅನ್ನೋದು ತಪ್ಪು ತಿಳಿವಳಿಕೆ. ಅನಿಮೋನ್ ನಡೆದಾಡುವ ಪ್ರಾಣಿ, ಹೊಸ ಟ್ಯಾಂಕಿನಲ್ಲಿ ಪಂಪಿಗೆ ಸಿಕ್ಕಿ ಸತ್ತು ನೀರನ್ನೇ ಹಾಳು ಮಾಡಬಹುದು.

ನಾಲ್ಕನೇದು, ಇದು ಏನು ತಿಂದು ಬದುಕುತ್ತೆ? ಮ್ಯಾಂಡರಿನ್ ಅನ್ನುವ ಬಣ್ಣಬಣ್ಣದ ಮೀನು ಕಲ್ಲಿನ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ದಿನವಿಡೀ ಹೆಕ್ಕುತ್ತೆ, ಹೊಸ ಟ್ಯಾಂಕಿನಲ್ಲಿ ಅವು ಇರಲ್ಲ. ಬೇರೆ ಮೀನಿನ ಮೈ ಸ್ವಚ್ಛ ಮಾಡುವ ಕ್ಲೀನರ್ ರಾಸ್‌ಗೂ ನಾಲ್ಕಾರು ಮೀನಿನ ಟ್ಯಾಂಕಿನಲ್ಲಿ ಹೊಟ್ಟೆ ತುಂಬೋದು ಕಷ್ಟ. ಎಷ್ಟೋ ಚಿಟ್ಟೆಮೀನುಗಳಿಗೆ ಹವಳವೇ ಊಟ. ಇವು ಯಾರ ಜೊತೆಗೂ ಜಗಳ ಆಡಲ್ಲ, ಸುಮ್ಮನೆ ಹಸಿದು ಸಾಯ್ತವೆ. ಜಗಳ ಇಲ್ಲ ಅಂದ ಮಾತ್ರಕ್ಕೆ ಹೊಂದಾಣಿಕೆ ಇದೆ ಅಂತಲ್ಲ.

ಇನ್ನು ಡ್ಯಾಮ್ಸೆಲ್. ಅಗ್ಗ, ಗಟ್ಟಿ ಜೀವ, ನೀಲಿ ಹೊಳಪು. ಹೊಸ ಟ್ಯಾಂಕ್ ಹದಕ್ಕೆ ಬರಲಿ, ಮೊದಲು ಎರಡು ಡ್ಯಾಮ್ಸೆಲ್ ಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ಕೇಳಬೇಡಿ. ಟ್ಯಾಂಕ್ ಹದಕ್ಕೆ ಬರೋದು ಅಂದ್ರೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ನೆಲೆಯೂರೋದು. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಮೀನೇ ಇಲ್ಲದೆ, ಚಿಟಿಕೆ ಆಹಾರ ಹಾಕಿ ಕೊಳೆಯಲು ಬಿಟ್ಟೂ ಅದನ್ನು ಮಾಡಬಹುದು. ಆ ವಿಷದಲ್ಲಿ ಒಂದು ಜೀವವನ್ನು ಬೇಯಿಸಬೇಕಾಗಿಲ್ಲ. ಬದುಕಿ ಉಳಿದ ಡ್ಯಾಮ್ಸೆಲ್ ಆ ಹೊತ್ತಿಗೆ ಇಡೀ ಟ್ಯಾಂಕ್ ತನ್ನದು ಅಂದುಕೊಂಡಿರುತ್ತೆ, ಆಮೇಲೆ ಬರುವ ಪ್ರತಿ ಮೀನಿಗೂ ಹೊಡೆತ.

ಯಾರು ಮೊದಲು ಬರಬೇಕು?

ಮೊದಲು ಬಂದವನಿಗೆ ಜಾಗದ ಮೇಲೆ ಹಕ್ಕು. ಹಾಗಾಗಿ ಹೆದರುವ ಮೀನು ಮೊದಲು ಹೋಗಬೇಕು, ಜೋರಿನದ್ದು ಕೊನೆಗೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಮೂರು ವಾರ ಬಿಡಿ, ಬ್ಯಾಕ್ಟೀರಿಯಾ ಹೊಸ ಹೊರೆಗೆ ಹೊಂದಿಕೊಳ್ಳಬೇಕು. ಹೊಸಬನನ್ನು ಬಿಡುವಾಗ ಎರಡು ಕಲ್ಲಿನ ಜಾಗ ಬದಲಿಸಿದರೆ ಹಳಬರ ಗಡಿಗಳೂ ಅಳಿಸುತ್ತವೆ, ಎಲ್ಲರೂ ಹೊಸದಾಗಿ ಶುರು ಮಾಡ್ತಾರೆ.

ಪ್ರತಿ ಮೀನನ್ನೂ ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿ ಇಟ್ಟು ನೋಡಿ. ಉಪ್ಪುನೀರಿನ ಬಿಳಿಚುಕ್ಕೆ ರೋಗ ಒಂದು ಮೀನಿನಿಂದ ಎಲ್ಲಕ್ಕೂ ಹರಡುತ್ತೆ. ಅದಕ್ಕೆ ಕೊಡುವ ತಾಮ್ರದ ಔಷಧಿ ಸಿಗಡಿ, ಹವಳಗಳನ್ನು ಕೊಲ್ಲುತ್ತೆ, ಅದನ್ನು ದೊಡ್ಡ ಟ್ಯಾಂಕಿಗೆ ಹಾಕುವಂತಿಲ್ಲ.

200 ಲೀಟರ್ ಟ್ಯಾಂಕಿಗೆ ಒಂದು ಉದಾಹರಣೆ ನೋಡಿ. ಮೊದಲು ವಾಚ್‌ಮನ್ ಗೋಬಿ, ಜೊತೆಗೆ ಒಂದು ಪಿಸ್ತೂಲ್ ಸಿಗಡಿ. ಕಣ್ಣು ಮಂದವಿರುವ ಸಿಗಡಿ ಮರಳಿನಲ್ಲಿ ಬಿಲ ತೋಡುತ್ತೆ, ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತೆ, ಇಬ್ಬರೂ ಒಂದೇ ಬಿಲದಲ್ಲಿ ಸಂಸಾರ ಮಾಡ್ತಾರೆ. ಆಮೇಲೆ ಬಾಂಗಾಯ್ ಕಾರ್ಡಿನಲ್ ಒಂದು ಜೋಡಿ, ಇವು ನೀರಿನ ನಡುಭಾಗದಲ್ಲಿ ತೇಲುತ್ತವೆ. ಆಮೇಲೆ ಒಂದು ರಾಯಲ್ ಗ್ರಾಮಾ, ಇದಕ್ಕೆ ಕಲ್ಲಿನ ಸಂದು. ಕೊನೆಗೆ ಕ್ಲೌನ್‌ಫಿಶ್ ಜೋಡಿ. ಒಟ್ಟು ಆರು ಮೀನು. ಮರಳು, ಸಂದು, ನಡುನೀರು, ಮೂಲೆ ಹೀಗೆ ಒಬ್ಬೊಬ್ಬರಿಗೆ ಒಂದೊಂದು ಜಾಗ. ಮೇಲೆ ಬಲೆಯ ಮುಚ್ಚಳ ಇರಲಿ, ಹೆದರಿದ ಮೀನು ಹೊರಗೆ ಹಾರುತ್ತೆ.

ಹವಳದ ವಿಷಯದಲ್ಲಿ ಕಾನೂನು ಏನು?

'ರೀಫ್ ಟ್ಯಾಂಕ್' ಅಂದ್ರೆ ಹವಳವೂ ಇರಬೇಕಲ್ಲ ಅಂತ ಕೇಳಬಹುದು. ಇಲ್ಲಿ ಕಾನೂನು ಗಟ್ಟಿಯಾಗಿದೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್‌ಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿವೆ, ಅಂದ್ರೆ ಹುಲಿ ಇರುವ ಸಾಲಿನಲ್ಲಿ. ಕಡಲಕುದುರೆಯೂ ಅಲ್ಲೇ ಇದೆ. 2022ರ ತಿದ್ದುಪಡಿಯ ನಂತರ ಮೊದಲ ಪರಿಚ್ಛೇದದ ಪ್ರಾಣಿಯ ವಿಷಯದ ಅಪರಾಧಕ್ಕೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಜಾತ್ರೆಯಲ್ಲಿ, ಬೀಚಿನಲ್ಲಿ ಮಾರುವ ಒಣಗಿದ ಹವಳದ ತುಂಡಿಗೂ ಇದೇ ಕಾನೂನು.

'ಸಾರ್, ಇದು ಇಂಡೋನೇಷ್ಯಾದ್ದು' ಅಂದಾಕ್ಷಣ ಸರಿಹೋಗಲ್ಲ. ಕಲ್ಲುಹವಳಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿವೆ, ಅವು ದೇಶ ದಾಟೋಕೆ ಪರವಾನಗಿ ಪತ್ರ ಬೇಕು. ಆ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ಅದನ್ನು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಅಂತ 2024ರ ಫೆಬ್ರವರಿಯಲ್ಲಿ ಕೇಂದ್ರ ನಿಯಮ ತಂದಿದೆ. ಮಾರುವವರು ಕಾಗದ ತೋರಿಸದಿದ್ದರೆ ಮುಟ್ಟಬೇಡಿ. ಮೇಲೆ ಹೇಳಿದ ಆರು ಮೀನಿಗೆ ಹವಳ ಬೇಕಾಗಿಯೇ ಇಲ್ಲ. ಸಮುದ್ರದಿಂದ ಕಿತ್ತು ತಂದ ಕಲ್ಲಿನ ಬದಲು ರಂಧ್ರಗಳಿರುವ ಸೆರಾಮಿಕ್ ಕಲ್ಲು ಜೋಡಿಸಿದರೆ ಬಿಲವೂ ಆಯ್ತು, ಬ್ಯಾಕ್ಟೀರಿಯಾಕ್ಕೆ ಮನೆಯೂ ಆಯ್ತು.

ಕಾನೂನು ಇಷ್ಟು ಬಿಗಿಯಾಗಿರೋಕೆ ಕಾರಣ ಇದೆ. ನಮ್ಮ ದೇಶದಲ್ಲಿ ಹವಳದ ದಿಬ್ಬ ಇರೋದೇ ಕೆಲವು ಕಡೆ: ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಛ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್-ನಿಕೋಬಾರ್. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯ ಸುತ್ತಲೂ ಒಂದಷ್ಟು ಹವಳ ಇದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ಹವಳಗಳು ಬಿಳುಚುತ್ತಿರುವ ನಾಲ್ಕನೇ ಮಹಾಘಟನೆ ಶುರುವಾಗಿದೆ ಅಂತ ಘೋಷಿಸಿದರು. ಲಕ್ಷದ್ವೀಪದ ಹವಳಗಳೂ ಆ ವರ್ಷ ಬಿಳುಚಿದವು. ಬಿಸಿಗೇ ಸಾಯುತ್ತಿರುವ ಹವಳವನ್ನು ಅಲಂಕಾರಕ್ಕೂ ಕೀಳಬೇಕಾ?

ಈ ಮೀನು ಎಲ್ಲಿಂದ ಬಂತು?

ಅಂಗಡಿಯಲ್ಲಿ ಹೆಚ್ಚು ಜನ ಕೇಳದ ಪ್ರಶ್ನೆ ಇದು. ಸಿಹಿನೀರಿನ ಬಣ್ಣದ ಮೀನುಗಳಲ್ಲಿ ಹೆಚ್ಚಿನವು ಸಾಕಣೆ ಕೇಂದ್ರದಲ್ಲೇ ಹುಟ್ಟಿದಂಥವು. ಉಪ್ಪುನೀರಿನಲ್ಲಿ ಇದು ತಲೆಕೆಳಗು, ಬಹುಪಾಲು ಜಾತಿಗಳನ್ನು ಈಗಲೂ ಸಮುದ್ರದಿಂದಲೇ ಹಿಡಿದು ತರ್ತಾರೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾದ ಕಡೆ ಸಯನೈಡ್ ನೀರನ್ನು ಹವಳದ ಸಂದಿಗೆ ಚಿಮ್ಮಿ, ಮತ್ತು ಬಂದ ಮೀನನ್ನು ಹೆಕ್ಕುವ ಪದ್ಧತಿ ದಶಕಗಳಿಂದ ಇದೆ. ಅಲ್ಲಿನ ಹವಳ ಸಾಯುತ್ತೆ. ಹಾಗೆ ಹಿಡಿದ ಮೀನು ದಾರಿಯಲ್ಲೋ, ನಿಮ್ಮ ಮನೆಗೆ ಬಂದಮೇಲೋ ಸಾಯಬಹುದು. ನೀವು ಜೊತೆಯ ಮೀನೇ ಕಚ್ಚಿರಬೇಕು ಅಂದುಕೊಳ್ತೀರಿ. ಉದಾಹರಣೆಯಲ್ಲಿ ಹೇಳಿದ ಬಾಂಗಾಯ್ ಕಾರ್ಡಿನಲ್ ಇಂಡೋನೇಷ್ಯಾದ ಒಂದು ಸಣ್ಣ ದ್ವೀಪಸಮೂಹದಲ್ಲಿ ಮಾತ್ರ ಇದ್ದ ಮೀನು. ಅಕ್ವೇರಿಯಂ ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಅದು 2007ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಸಾಕಣೆಯಲ್ಲಿ ಹುಟ್ಟಿದ್ದು ಸಿಕ್ಕರೆ ಮಾತ್ರ ತನ್ನಿ, ಇಲ್ಲದಿದ್ದರೆ ಆ ಜೋಡಿ ಬಿಟ್ಟು ನಾಲ್ಕೇ ಮೀನು ಇಟ್ಟುಕೊಳ್ಳಿ.

ಒಳ್ಳೇ ಸುದ್ದಿಯೂ ಇದೆ. ಕ್ಲೌನ್‌ಫಿಶ್ ಮರಿ ಮಾಡಿಸೋದನ್ನು ನಮ್ಮ ದೇಶದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ಸಾಧಿಸಿದೆ. ಈ ಸಂಸ್ಥೆಯ ಕೇಂದ್ರಗಳು ಮಂಗಳೂರು, ಕಾರವಾರದಲ್ಲೂ ಇವೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊ ದ್ವೀಪದ ಹೆಣ್ಣುಮಕ್ಕಳಿಗೆ ಕ್ಲೌನ್‌ಫಿಶ್, ಅಲಂಕಾರಿಕ ಸಿಗಡಿ ಸಾಕುವ ತರಬೇತಿ ಕೊಟ್ಟಿದೆ. ಇಂಥ ಕಡೆ ಹುಟ್ಟಿದ ಮೀನಿಗೆ ಗುಳಿಗೆಯ ಆಹಾರ ಅಭ್ಯಾಸ ಆಗಿರುತ್ತೆ, ಗಾಜಿನೊಳಗಿನ ಬದುಕೂ ಗೊತ್ತಿರುತ್ತೆ. ಬೆಲೆ ಸ್ವಲ್ಪ ಹೆಚ್ಚಾದರೂ ಆ ದುಡ್ಡು ದಿಬ್ಬ ಉಳಿಸಿಕೊಂಡೇ ಬದುಕುವವರ ಕೈಗೆ ಹೋಗುವ ಸಾಧ್ಯತೆ ಇದೆ.

2017ರ ನಿಯಮಗಳು ಎಡವಿದ್ದು ಇಲ್ಲೇ. ಅದರ ಪಟ್ಟಿ ಮೀನಿನ ಜಾತಿಯ ಹೆಸರು ನೋಡಿತು. ಸಮುದ್ರದಿಂದ ಕದ್ದು ತಂದ ಮೀನಿಗೂ ತೊಟ್ಟಿಯಲ್ಲಿ ಹುಟ್ಟಿದ ಮೀನಿಗೂ ಇರುವ ವ್ಯತ್ಯಾಸವೇ ಮುಖ್ಯ ಅಂತ ನೋಡಲಿಲ್ಲ. ವಾಪಸ್ ತಗೊಂಡಮೇಲೆ ಆ ವ್ಯತ್ಯಾಸವನ್ನು ಬಿಲ್ಲಿನ ಮೇಲೆ ಬರೆಯುವ ಹೊಣೆಯೂ ಯಾರ ಮೇಲೂ ಬೀಳಲಿಲ್ಲ. ಆ ಪ್ರಶ್ನೆ ಈಗ ಕೊಳ್ಳುವವರೇ ಕೇಳಬೇಕು.

ಹಾಗಾಗಿ ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಮೂರು ಮಾತು ಕೇಳಿ. ಇದು ಎಲ್ಲಿ ಹುಟ್ಟಿದ್ದು? ಅಂಗಡಿಗೆ ಬಂದು ಎಷ್ಟು ದಿನ ಆಯ್ತು? ನನ್ನೆದುರು ಇದಕ್ಕೆ ಊಟ ಹಾಕ್ತೀರಾ? ಎರಡು ವಾರವಾದರೂ ಅಂಗಡಿಯಲ್ಲಿ ಬದುಕಿ, ಕಣ್ಣೆದುರು ಗುಳಿಗೆ ತಿನ್ನುವ ಮೀನು ನಿಮ್ಮ ಮನೆಯಲ್ಲೂ ಬದುಕಬಹುದು. ಉತ್ತರ ಸಿಗದಿದ್ದರೆ ಬರಿಗೈಯಲ್ಲಿ ವಾಪಸ್ ಬನ್ನಿ. ಟ್ಯಾಂಕಿನ ಖರ್ಚು, ಕರೆಂಟು, ನೀರು ಎಲ್ಲ ಲೆಕ್ಕ ಹಾಕಿ ಇದು ಸದ್ಯಕ್ಕೆ ಬೇಡ ಅನ್ನಿಸಿದರೆ ಅದೂ ಸರಿಯಾದ ತೀರ್ಮಾನವೇ. ಚಿಟ್ಟೆಮೀನು ನೋಡಲೇಬೇಕು ಅಂದರೆ ಮಳೆಗಾಲ ಮುಗಿದಮೇಲೆ ಮುರುಡೇಶ್ವರಕ್ಕೆ ಬಸ್ ಹತ್ತಿ. ನೇತ್ರಾಣಿಯ ನೀರಲ್ಲಿ ಮುಳುಗಿ ನೋಡಿದರೆ ಅಲ್ಲಿ ಅವಕ್ಕೆ ಓಡಿಹೋಗೋಕೆ ಬೇಕಾದಷ್ಟು ಜಾಗ ಇದೆ.